ಸಲ್ಲಗಾ

ವಿಮಾನದ ನೆರಳು ಕಡಲ ಮೇಲೆ ಓಡುತ್ತಿದೆ, ಇಷ್ಟೇ ಇಷ್ಟು ನೆರಳು, ಕಿಟಕಿಗೆ ಹಣೆ ಹಚ್ಚಿ ಕೂತ ರಜನಿಗೆ ಅದು ನೀರಿನಲ್ಲಿ ಮುಳುಗಿಹೋಯಿತು ಅನ್ನಿಸಿತು, ಇಲ್ಲ, ಇದೆ — ನೀರಿನ ಬಿಸಿ ಎಷ್ಟಿದೆ ಮೇಡಂ, ಹಿಂದಿನ ಸೀಟಿನಿಂದ ನರೇಶ್, ಇಪ್ಪತ್ತೆಂಟು ಪಾಯಿಂಟ್ ನಾಲ್ಕು ಡಿಗ್ರಿ ಬರ್ಕೋ, ಕೆಳಗೆ ದೋಣಿಯವರು ಬಕೆಟ್ಟಿನಲ್ಲಿ ನೀರೆತ್ತಿ ಅಳೆದದ್ದು ಇಪ್ಪತ್ತೆಂಟು ಪಾಯಿಂಟ್ ಏಳು, ವ್ಯತ್ಯಾಸ ಇದ್ದೇ ಇರುತ್ತದೆ, ವಿಮಾನದ ಹೊಟ್ಟೆಯಲ್ಲಿರುವ ಈ ಯಂತ್ರಕ್ಕೆ ಕಾಣುವುದು ಕಡಲಿನ ತೊಗಲು ಮಾತ್ರ, ಕೂದಲೆಳೆಯಷ್ಟು ದಪ್ಪ, ಮೇಲಿನ ತಂಪನ್ನು ನಂಬಬೇಡಿ ಎಂದು ಹೊಸಬರಿಗೆಲ್ಲ ಪಾಠ ಹೇಳುವ ಮಹಾ ಬುದ್ಧಿವಂತೆ, ಅವತ್ತು ತಾನೇ ನಂಬಿದಳಲ್ಲ — ತಾಯಲೂರಿನ ಮನೆಯಲ್ಲಿ ಗಂಡ ಅಮರನಾಥನಿಗೆ ಡೆಂಗ್ಯೂ, ನಾಲ್ಕು ದಿನದಿಂದ ಸುಡುವ ಜ್ವರ, ನೀನು ಹೋಗ್ಬಾ ಕಣೇ, ಮೋಡ ಬಂದ್ರೆ ನಿನ್ ಕೆಲ್ಸ ಕೆಡುತ್ತೆ, ಅಮ್ಮ ಇದಾಳಲ್ಲ, ಎಂದು ಅವನೇ ಕಳಿಸಿದ್ದ, ಜ್ವರ ಇಳಿದು ಮೈ ತಣ್ಣಗಾದರೆ ಅದೇ ಅಪಾಯ, ತಕ್ಷಣ ಕರೆತನ್ನಿ ಎಂದು ಡಾಕ್ಟರು ಹೊರಗೆ ಕರೆದು ಹೇಳಿದ್ದು ಅವಳಿಗೊಬ್ಬಳಿಗೇ, ಅತ್ತೆ ಹೆದರಿಯಾರೆಂದು ಅವಳು ಅದನ್ನು ನುಂಗಿಕೊಂಡು, ಏನೇ ಆದ್ರೂ ನಂಗೆ ಫೋನ್ ಮಾಡಿ ಅತ್ತೆ ಎಂದಷ್ಟೇ ಹೇಳಿ ಬಂದಿದ್ದಳು.

ಮಾಡಿದರು, ಭಾರತಮ್ಮ ಮಾಡಿದರು, ವಿಮಾನ ಹತ್ತುವ ಹೊತ್ತು, ಎಂಜಿನ್ನಿನ ಸದ್ದಿನಲ್ಲಿ ಕೇಳಿಸಿದ್ದು ಒಂದೇ ಮಾತು, ಸಲ್ಲಗಾ ಉಂಡಾಡಮ್ಮಾ, ಟೇಕಲ್ಲಿನ ಕನ್ನಡದವರ ಮಗಳಿಗೆ ಅತ್ತೆಮನೆಯ ತೆಲುಗು ಕಿವಿಗೆ ಬಿದ್ದದ್ದೇ ಆಶೀರ್ವಾದವಾಗಿ, ಕಾಲಿಗೆ ಬಿದ್ದಾಗಲೆಲ್ಲ ಸಲ್ಲಗಾ ಉಂಡಮ್ಮಾ, ತಣ್ಣಗಿರು, ಸುಖವಾಗಿರು, ಹಾಗಾದರೆ ಅವನು ಸುಖವಾಗಿದ್ದಾನೆ, ಸರಿ ಅತ್ತೆ ಸಂಜೆ ಮಾಡ್ತೀನಿ ಎಂದು ಫೋನು ಆರಿಸಿ ಹಾರಿಬಿಟ್ಟಳು, ಖುಷಿಯಾಗಿ, ಹಾಡು ಬೇರೆ ಗುನುಗಿಕೊಂಡು, ಅವರು ಹೇಳಿದ್ದು ಮೈ ತಣ್ಣಗಾಗಿದೆ ಎಂದು, ಬರೀ ಅಷ್ಟು, ಸೊಸೆಗೆ ಹೇಳಿದೀನಿ, ಏನು ಮಾಡ್ಬೇಕೋ ಅವಳು ಹೇಳ್ತಾಳೆ ಎಂದು ಕಾದರಂತೆ, ನಾಲ್ಕು ಗಂಟೆ, ಅವಳು ಇಲ್ಲಿ ನೀರು ಅಳೆಯುತ್ತಿದ್ದಳು — ಮನೆಗೆ ಹೋದಾಗ ಉಸಿರು ನಿಂತಿತ್ತು, ಅವನನ್ನು ಚಾಪೆಯ ಮೇಲೆ ಮಲಗಿಸಿದ್ದರು, ಅತ್ತೆ ಅವನ ಪಾದಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಉಜ್ಜುತ್ತಿದ್ದರು, ನಾನೇ ಸರಿಯಾಗಿ ಹೇಳ್ಲಿಲ್ವೇನೋ ಅಮ್ಮಾ, ನಂಗೆ ಮಾತಾಡಕ್ಕೆ ಬರಲ್ಲ, ತಪ್ಪನ್ನೆಲ್ಲ ತಮ್ಮ ಮೇಲೆ ಹಾಕಿಕೊಂಡರು, ಇವಳು ಬಾಯಿ ಬಿಡಲಿಲ್ಲ, ಆರು ತಿಂಗಳಾಯಿತು, ಬಿಟ್ಟಿಲ್ಲ, ಇವತ್ತು ಇಳಿದ ಕೂಡಲೇ ಹೇಳಬೇಕು, ನೀವು ಸರಿಯಾಗೇ ಹೇಳಿದ್ರಿ ಅತ್ತೆ, ಹೇಳಿದರೆ ಆಮೇಲೆ ಅವರು ಇವಳ ಮುಖ ನೋಡುವುದುಂಟೆ — ಮೇಡಂ, ರೀಡಿಂಗು, ಪರದೆಯ ಮೇಲೆ ಅಂಕಿ ಇದೆ, ಓದಲಾಗುತ್ತಿಲ್ಲ, ಮೇಡಂ, ಸೆರಗಿನೊಳಗೆ ಎರಡು ಪಾದ, ಬಿಸಿಯಾಗ್ತವೆ ಇರಮ್ಮಾ, ಉಜ್ಜುತ್ತಲೇ ಇದ್ದಾರೆ, ಬಿಸಿಯಾಗ್ತವೆ ಇರು, ಎರಡು ಪಾದ