ಚೆಂಡು ಬಡಿದದ್ದಲ್ಲ

ಆ ಟೈಲರನ ಎಡಗಣ್ಣು ಕೃತಕದ್ದು. ಚಿಕ್ಕಂದಿನಲ್ಲಿ ಚೆಂಡು ಬಡಿದು ಹೋಯಿತೆಂದು ಎಲ್ಲರಿಗೂ ಹೇಳುತ್ತಿದ್ದ. ಹೆಂಡತಿಗೂ ಅದನ್ನೇ ಹೇಳಿದ್ದ. ಅವನು ಒಂದೇ ಏಟಿಗೆ ಸೂಜಿಗೆ ದಾರ ಪೋಣಿಸುವುದನ್ನು ಕಂಡು ಗಿರಾಕಿಗಳು ಬೆರಗಾದರೆ, ಎರಡೆರಡು ಕಣ್ಣಿದ್ದೂ ನಿಮಗೆ ಅಳತೆಯ ಅಂಗಿ ತರೋಕೆ ನೆನಪಿರಲ್ಲವಲ್ಲ ಎಂದು ನಗಿಸುತ್ತಿದ್ದ.

ಮಗಳಿಗೆ ಹತ್ತು ತಿಂಗಳಿದ್ದಾಗ ಹೆಂಡತಿ ಅವಳನ್ನು ಅಂಗಡಿಗೆ ಎತ್ತಿಕೊಂಡು ಬಂದಳು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂರಿಸಿದರೆ, ದೀಪದ ಬೆಳಕು ಓರೆಯಾಗಿ ಬಿದ್ದು ಪುಟ್ಟಿಯ ಬಲಗಣ್ಣಿನ ಪಾಪೆಯೊಳಗೆ ಬೆಳ್ಳಗೆ ಏನೋ ಮಿನುಗಿತು. ಬೆಕ್ಕಿನ ಕಣ್ಣಿದ್ದ ಹಾಗಿದೆ ಅಂದಳು ಹೆಂಡತಿ.

ಟೈಲರನ ಕಣ್ಣಿನ ಬಗ್ಗೆ ಅವನ ಅಮ್ಮನೂ ಇದೇ ಮಾತು ಹೇಳಿದ್ದಳು. ಮದುವೆಗೆ ಮುಂಚೆ ಒಂದು ದಿನ ಬಾಗಿಲು ಹಾಕಿಕೊಂಡು ನಿಜ ತಿಳಿಸಿದ್ದಳು: ಚೆಂಡೂ ಇಲ್ಲ ಏನೂ ಇಲ್ಲ, ಕಣ್ಣೊಳಗೆ ಕ್ಯಾನ್ಸರ್ ಗಡ್ಡೆಯಾಗಿತ್ತು, ಎಲ್ಲೂ ಬಾಯಿ ಬಿಡಬೇಡ, ಮದುವೆ ಮುರಿದುಬೀಳುತ್ತೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವಿಗೆ ಅರಿವಳಿಕೆ ಕೊಟ್ಟು ನೋಡಿದರು. ಬಲಗಣ್ಣಿನ ತುಂಬ ಗಡ್ಡೆ, ಎಡಗಣ್ಣಲ್ಲೂ ಚಿಕ್ಕವೆರಡು. ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂದು ಕೇಳಿದರು. ಹೆಂಡತಿ ಇಲ್ಲವೆಂದು ತಲೆಯಾಡಿಸಿದಳು.

“ನನಗಾಗಿತ್ತು” ಅಂದ ಟೈಲರ್.

ಡಾಕ್ಟರಮ್ಮ ಅದನ್ನು ಬರೆದುಕೊಂಡರು. ಅಂಥವರ ಮಕ್ಕಳನ್ನು ಹುಟ್ಟಿದ ಕೂಡಲೇ ತೋರಿಸಬೇಕಿತ್ತು, ಆಗಲೇ ಬಂದಿದ್ದರೆ ಬಲಗಣ್ಣೂ ಉಳಿಯಬಹುದಿತ್ತು ಎಂದರು.

ಹೊರಗೆ ಬಂದ ಮೇಲೆ ಅವನು ಅಮ್ಮ ಹೇಳಿದ್ದನ್ನೆಲ್ಲ ತಿಳಿಸಿದಾಗ ಹೆಂಡತಿ ಕೇಳಿದಳು. “ನಿಮ್ಮಮ್ಮ ಹೇಳಬೇಡ ಅಂದ್ರು, ಸರಿ. ಮದುವೆಯಾಗಿ ನಾಲ್ಕು ವರ್ಷದಲ್ಲಿ ಒಂದು ದಿನ ಹೇಳೋಕಾಗ್ಲಿಲ್ವಾ?”

“ಮಗುಗೂ ಬರುತ್ತೆ ಅಂತ ಗೊತ್ತಿರ್ಲಿಲ್ಲ ಕಣೇ.”

“ನನಗೆ ಹೇಳಿದ್ದಿದ್ರೆ, ನಾನು ಡಾಕ್ಟರ ಹತ್ರ ಕೇಳಿರ್ತಿದ್ದೆ.”

ಬಲಗಣ್ಣು ತೆಗೆದರು. ಎಡಗಣ್ಣಿಗೆ ಕೀಮೋ, ಲೇಸರ್ ಶುರುವಾಯಿತು. ಪುಟ್ಟಿಯ ಕೂದಲು ಉದುರಿತು. ಬಿಳಿ ಕೋಟು ಕಂಡರೆ ಸಾಕು, ಅಪ್ಪನ ಅಂಗಿಯೊಳಗೆ ಮುಖ ಹುದುಗಿಸುತ್ತಿದ್ದಳು. ಗಂಡ ಹೆಂಡಿರ ಮಾತು ಔಷಧಿಯ ಹೊತ್ತು, ಆಸ್ಪತ್ರೆಯ ತಾರೀಕು ಇವೆರಡಕ್ಕೇ ನಿಂತುಹೋಯಿತು.

ಮೂರು ವರ್ಷ ತುಂಬಿದಾಗ ಪುಟ್ಟಿಗೆ ಹೊಸದೊಂದು ಹಟ ಹಿಡಿಯಿತು. ಬಲಗಡೆ ಹಾಕಿಸಿದ್ದ ಅವಳ ಕೃತಕ ಕಣ್ಣನ್ನು ತೆಗೆದು ತೊಳೆಯಲು ಹೋದರೆ ಮನೆಯೇ ಕಿತ್ತುಹೋಗುವ ಹಾಗೆ ರಂಪ. ಒಂದು ಬೆಳಿಗ್ಗೆ ಟೈಲರ್ ಅವಳೆದುರು ಚಕ್ಕಳಮಕ್ಕಳ ಹಾಕಿ ಕೂತು, ತನ್ನ ಕಣ್ಣನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದ. ಆ ಖಾಲಿ ಜಾಗವನ್ನು ಹೆಂಡತಿಯೂ ಅಂದಿನವರೆಗೆ ನೋಡಿರಲಿಲ್ಲ. ಪುಟ್ಟಿಯ ಅಳು ಗಕ್ಕನೆ ನಿಂತಿತು. ಅಪ್ಪನ ಕೆನ್ನೆ ಮುಟ್ಟಿ ನೋಡಿ, ತನ್ನದನ್ನೂ ತೆಗೆಯಲು ಬಿಟ್ಟಳು. ಆಮೇಲೆ ತಿರುಗಿ, “ಅಮ್ಮ, ನಿಂದೂ ತೆಗಿ” ಅಂದಳು.

“ನಂದು ಬರಲ್ಲ ಪುಟ್ಟಿ” ಎನ್ನುವಷ್ಟರಲ್ಲಿ ಅವಳಿಗೆ ನಗು ಬಂತು, ನಗುವಿನ ಬೆನ್ನಿಗೇ ಅಳು. ಟವೆಲನ್ನು ಗಂಡನ ಕೈಗಿಟ್ಟು ಒಳಗೆ ಹೋದಳು.

ಆ ತಿಂಗಳ ತಪಾಸಣೆಯಲ್ಲಿ ಎಡಗಣ್ಣಲ್ಲಿ ಹೊಸ ಚುಕ್ಕೆ ಕಂಡಿತು. ಮತ್ತೆ ಲೇಸರ್. ನೋಟವಿನ್ನೂ ಇದೆ, ಆದರೆ ವರ್ಷಗಟ್ಟಲೆ ತಪಾಸಣೆ ಮಾಡಿಸುತ್ತಲೇ ಇರಬೇಕು ಎಂದರು ಡಾಕ್ಟರಮ್ಮ. ಮಗುವನ್ನು ಒಳಗೆ ಕರೆದೊಯ್ದ ಮೇಲೆ ಹೆಂಡತಿ ಪಕ್ಕದ ಕುರ್ಚಿಯ ಮೇಲಿದ್ದ ಚೀಲವನ್ನು ಮಡಿಲಿಗೆಳೆದುಕೊಂಡು, ನಿಂತೇ ಇದ್ದ ಗಂಡನಿಗೆ ಕೂತ್ಕೊಳ್ಳಿ ಅಂದಳು. ಅವನು ಕೂತ. ಇಬ್ಬರೂ ಬಾಗಿಲನ್ನೇ ನೋಡುತ್ತಿದ್ದರು.