ಇಂಜೆಕ್ಷನ್ ಭೀಮಣ್ಣನ ಇಂಕು

"ನೋಡಿ ಭೀಮಣ್ಣ, ನಾನ್ ಹೇಳ್ತಿಲ್ಲ, ಮಿಷಿನ್ನೇ ಹೇಳ್ತೈತೆ," ಎಂದು ರಮಾ ಪ್ರಿಂಟರಿನ ಪುಟ್ಟ ಪರದೆಯ ಮೇಲೆ ಬೆರಳಿನಿಂದ ಕುಟ್ಟಿದಳು. ಕಾರ್ಟ್ರಿಜ್ ಅಸಲಿ ಅಲ್ಲ, ಪ್ರಿಂಟ್ ಮಾಡಲಾಗದು ಎಂದು ಅದರಲ್ಲಿ ಇಂಗ್ಲಿಷಿನ ಕೆಂಪಕ್ಷರ ಮಿನುಗುತ್ತಿತ್ತು. ಬಾಗಲಗುಂಟೆಯ ಆ ಜೆರಾಕ್ಸ್ ಅಂಗಡಿಯ ಮುಂದೆ ಹಾಲ್ ಟಿಕೆಟ್ ತೆಗೆಸಲು ನಿಂತಿದ್ದ ಹುಡುಗಿಯರು, ಆಧಾರ್ ಹಿಡಿದ ಮುದುಕರು ಎಲ್ಲರೂ ಭೀಮರಾಜನ ಮುಖವನ್ನೇ ನೋಡಿದರು.

ಖಾಲಿಯಾದ ಕಾರ್ಟ್ರಿಜ್‌ಗಳಿಗೆ ಸಿರಿಂಜಿನಿಂದ ಇಂಕು ತುಂಬುವುದು ಭೀಮರಾಜನ ಕಸುಬು. ಹೆಸರಘಟ್ಟ ರಸ್ತೆಯ ಅಂಗಡಿಯವರೆಲ್ಲ ಅವನನ್ನು ಇಂಜೆಕ್ಷನ್ ಭೀಮಣ್ಣ ಎಂದೇ ರೇಗಿಸುತ್ತಿದ್ದರು. ಅವನಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಇದ್ದದ್ದು ಒಂದು ಬ್ಯಾಗು, ಒಂದು ಹಳೆಯ ಸ್ಕೂಟರು, ಮತ್ತೆ ಒಳ್ಳೆಯ ಹೆಸರು. ಆ ಹೆಸರಿನ ಮೇಲೆಯೇ ಮನೆ ನಡೆಯುತ್ತಿತ್ತು.

"ರಮಮ್ಮ, ಡಬ್ಬಿ ಕಂಪ್ನಿದೇ ಕಣಮ್ಮ, ಇಂಕ್ ಮಾತ್ರ ನಂದು. ನಿನ್ನೆವರ್ಗೂ ಓಡ್ತಿತ್ತಲ್ಲ? ಇದಕ್ಕೆ ಯಾರೋ ವೈಫೈ ಕೊಟ್ಟವ್ರೆ. ನೆಟ್ ಸಿಕ್ರೆ ಕಂಪ್ನಿಯೋರು ಅಲ್ಲಿಂದ್ಲೇ ಅಪ್‌ಡೇಟ್ ಕಳ್ಸಿ, ನಾವು ತುಂಬಿದ್ದನ್ನ ತಗೊಳ್ದಂಗೆ ಮಾಡ್ತಾರೆ. ಅದಕ್ಕೇ ನೆಟ್ ಕೊಡ್ಬೇಡಿ ಅಂತ ಬಡ್ಕೊಂಡಿದ್ದು."

ಮಿಷಿನ್ನು ಕೊಂಡವರು ಇವರು. ಅದು ಯಾರ ಇಂಕು ಕುಡಿಯಬೇಕು ಎನ್ನುವುದನ್ನು ಮಾತ್ರ ಎಲ್ಲೋ ಕೂತ ಇನ್ಯಾರೋ ತೀರ್ಮಾನಿಸುತ್ತಾರೆ. ಆ ದಬ್ಬಾಳಿಕೆಯನ್ನು ಕೇಳುವವರಿಲ್ಲ. ಬೈಯುವುದಕ್ಕೆ ಕೈಗೆ ಸಿಗುವವನು ಎದುರಿಗೆ ನಿಂತವನೊಬ್ಬನೇ.

ರಮಾ ಗಂಡನ ಕಡೆ ತಿರುಗಿದಳು. "ರೀ, ನೀವೇನಾದ್ರೂ ವೈಫೈ ಕೊಟ್ರಾ?"

ಲ್ಯಾಮಿನೇಷನ್ ಮಾಡುತ್ತಿದ್ದ ಮಹೇಂದ್ರ ತಲೆ ಎತ್ತಲಿಲ್ಲ. "ನಾನ್ಯಾಕೆ ಮುಟ್ಲಿ? ಮುಟ್ಬೇಡಿ ಅಂತ ನೀನೇ ಹೇಳಿದ್ಯಲ್ಲ."

"ಮತ್ತೆ? ಡೂಪ್ಲಿಕೇಟ್ ಇಂಕ್ ಹಾಕ್ಬಿಟ್ಟು ಈಗ ಕತೆ ಕಟ್ತಿದೀರಾ? ಅಣ್ಣ ಅಣ್ಣ ಅಂತ ನಂಬಿದ್ನಲ್ಲ..." ರಮಾ ಭೀಮರಾಜನ ಕಡೆ ತಿರುಗಿ ಪ್ರಿಂಟರಿನ ಸ್ವಿಚ್ಚು ಆರಿಸಿದಳು. ರಾತ್ರಿ ಹಗಲು ಬಟ್ಟೆ ಹೊಲಿದು ಅವಳು ಕೊಂಡಿದ್ದ ಮಿಷಿನ್ನು ಅದು.

ಅವಳು ಕೆನ್ನೆಗೆ ಬಾರಿಸಿದ್ದರೂ ಭೀಮರಾಜನಿಗೆ ಇಷ್ಟು ನೋಯುತ್ತಿರಲಿಲ್ಲ. ಬಗ್ಗಿ ಸಾಮಾನನ್ನೆಲ್ಲ ಬ್ಯಾಗಿಗೆ ತುಂಬಿಕೊಂಡು ಹೊರಗೆ ಬಂದ.

ಸ್ಕೂಟರಿನ ಹತ್ತಿರ ಮಹೇಂದ್ರ ಓಡಿ ಬಂದು ಅವನ ಕೈ ಹಿಡಿದ. "ನಾನೇ ಅಣ್ಣ ಕೊಟ್ಟಿದ್ದು. ಗಿರಾಕಿಗಳು ಫೋನಿಂದ್ಲೇ ಪ್ರಿಂಟ್ ಕಳಿಸ್ಲಿ ಅಂತ. ಮಿಷಿನ್ ಏನೋ ಕೇಳ್ತು, ಓಕೆ ಒತ್ಬಿಟ್ಟೆ. ಒಪ್ಕೊಂಡಿದ್ರೆ ಅಷ್ಟು ಜನದ ಎದ್ರಿಗೆ ಅವ್ಳು ನನ್ ಮಾನ ತೆಗೀತಿದ್ಲು."

"ನಂದು ಹೋಯ್ತಲ್ಲಪ್ಪ?"

"ಸಾಯಂಕಾಲ ಹೇಳ್ತೀನಿ, ದೇವ್ರಾಣೆ. ಅವ್ಳೇ ಫೋನ್ ಮಾಡ್ತಾಳೆ ನೋಡಿ."

ಗಂಡ ಹೆಂಡಿರ ನಡುವೆ ಜಗಳ ಹಚ್ಚಲು ಭೀಮರಾಜನಿಗೆ ಮನಸ್ಸು ಬರಲಿಲ್ಲ. ಆಯಿತು ಎಂದು ಹೊರಟುಬಿಟ್ಟ. ಸಂಜೆಯೆಲ್ಲ ಫೋನನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಓಡಾಡಿದ, ಊಟಕ್ಕೆ ಕೂತಾಗಲೂ ಪಕ್ಕದಲ್ಲಿಟ್ಟುಕೊಂಡ. ಯಾರೂ ಫೋನ್ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ದಾಸರಹಳ್ಳಿಯ ಹಬೀಬುಲ್ಲಾನ ಅಂಗಡಿಗೆ ಹೋಗಿ, ಎಂದಿನಂತೆ ಬ್ಯಾಗು ಬಿಚ್ಚಿ ಇಂಕಿನ ಬಾಟಲಿ ತೆರೆದ. ಹಬೀಬುಲ್ಲಾ ತನ್ನ ಪ್ರಿಂಟರಿನ ಮೇಲೆ ಕೈಯಿಟ್ಟು ಅಡ್ಡ ನಿಂತ.

"ಬೇಡ ಭೀಮಣ್ಣ."

"ಯಾಕ್ ಭಾಯ್? ಖಾಲಿ ಆಗೈತೆ ಅಂತ ಮೊನ್ನೆ ನೀವೇ ಕರೆದ್ರಲ್ಲ?"

"ನೀವು ಗ್ರೂಪಲ್ಲಿ ಇಲ್ವಲ್ಲ, ನಿಮ್ಗೆ ಗೊತ್ತಾಗಿಲ್ಲ," ಎಂದು ಹಬೀಬುಲ್ಲಾ ಸಂಕೋಚದಿಂದ ತನ್ನ ಫೋನನ್ನು ಮುಂದೆ ಚಾಚಿದ.

ಅದು ಜೆರಾಕ್ಸ್ ಅಂಗಡಿಯವರ ವಾಟ್ಸಾಪ್ ಗುಂಪು. ಬಗ್ಗಿ ಬ್ಯಾಗು ತುಂಬುತ್ತಿದ್ದ ಭೀಮರಾಜನ ಫೋಟೊ ಹಾಕಿ ರಮಾ ಬರೆದಿದ್ದಳು: 'ಇವರು ಡೂಪ್ಲಿಕೇಟ್ ಇಂಕ್ ಹಾಕಿ ಮಿಷಿನ್ ಹಾಳು ಮಾಡುತ್ತಾರೆ. ಯಾರೂ ಅಂಗಡಿಗೆ ಸೇರಿಸಬೇಡಿ.' ಅದರ ಕೆಳಗೆ ಮೆಚ್ಚುಗೆಯ ಹೆಬ್ಬೆರಳುಗಳು. ಯಾರು ಯಾರೆಂದು ನೋಡಲು ಭೀಮರಾಜ ಅಲ್ಲಿ ಒತ್ತಿದ. ಹೆಸರುಗಳು ಒಂದೊಂದಾಗಿ ತೆರೆದುಕೊಂಡವು. ಅವುಗಳ ನಡುವೆ ಮಹೇಂದ್ರನ ಹೆಸರೂ ಇತ್ತು.

"ನಂಗೇನೂ ಇಲ್ಲ ಭೀಮಣ್ಣ. ಆದ್ರೂ ಅಂಗ್ಡಿ ನೋಡಿ..." ಹಬೀಬುಲ್ಲಾ ಇಂಕಿನ ಬಾಟಲಿಯ ಮುಚ್ಚಳವನ್ನು ಎತ್ತಿ ಅವನ ಕಡೆ ಸರಿಸಿದ.

ಭೀಮರಾಜ ತಲೆಯಾಡಿಸಿದ. ಫೋನ್ ವಾಪಸ್ ಕೊಡುವ ಮೊದಲು, ಅದರ ಗಾಜಿನ ಮೇಲೆ ಮೂಡಿದ್ದ ತನ್ನ ಬೆರಳಿನ ಕಪ್ಪನ್ನು ಅಂಗಿಯ ಅಂಚಿನಿಂದ ನಿಧಾನವಾಗಿ ಒರೆಸಿದ.