ಚಾಪೆಯ ಕೆಳಗಿನ ತಗ್ಗು

ಪ್ರವಾಹದಲ್ಲಿ ಬಿದ್ದ ನಮ್ಮ ಮನೆಯನ್ನು ಮತ್ತೆ ಕಟ್ಟಿಸಿದೆವು. ಹೊಸ ಬಾಗಿಲು, ಹೊಸ ಬಣ್ಣ, ನೆಲಕ್ಕೆ ಮರದಂತೆ ಕಾಣುವ ಲ್ಯಾಮಿನೇಟ್ ಹಲಗೆ. ಬಂದವರೆಲ್ಲ ಹೊಗಳಿದರು, ನಮ್ಮ ಅತ್ತೆಯೊಬ್ಬರನ್ನು ಬಿಟ್ಟು. ಅವರಿಗೆ ಹಾಲು ತಂದುಕೊಟ್ಟರೂ ಮೊದಲು ಮೂಸಿ ನೋಡುವ ಅಭ್ಯಾಸ.

ಸ್ವಲ್ಪ ದಿನಕ್ಕೇ ಅಡುಗೆಮನೆಗೆ ಹೋಗುವ ದಾರಿಯಲ್ಲಿ ನೆಲ ಕುಸಿಯತೊಡಗಿತು. ಕಾಲಿಟ್ಟರೆ ಹಲಗೆ ಕೆಳಗೆ ಹೋಗುತ್ತಿತ್ತು, ತೆಗೆದರೆ ಟಕ್ಕೆಂದು ಮೇಲೆ ಬರುತ್ತಿತ್ತು. ಬೀರುವಿನೊಳಗಿನ ಲೋಟಗಳು ಗಲಗಲ ಎನ್ನುತ್ತಿದ್ದವು.

"ಹಲಗೆ ಹಾಕಿದ ಆ ಬಡಗಿ ಏನೋ ಮೋಸ ಮಾಡಿದಾನೆ. ಬೆಳ್ಳಗಿರೋದೆಲ್ಲ ಹಾಲಲ್ಲಮ್ಮ" ಎಂದರು ಅತ್ತೆ.

ನನ್ನ ಗಂಡ ದಪ್ಪ ಚಾಪೆಯೊಂದನ್ನು ತಂದು ಅದರ ಮೇಲೆ ಹಾಸಿದರು. "ಹೊಸ ನೆಲ, ಸರಿಹೋಗುತ್ತೆ ಬಿಡಮ್ಮ" ಎಂದರು. ಸಣ್ಣಪುಟ್ಟದಕ್ಕೂ ರೇಗುವ ಮನುಷ್ಯ ಬಡಗಿಯನ್ನು ಮಾತ್ರ ಬೈಯಲಿಲ್ಲ. ಆಗ ನನಗೂ ಅನುಮಾನ ಶುರುವಾಯಿತು.

ಒಂದು ಬೆಳಿಗ್ಗೆ ಅತ್ತೆ ಅದೇ ಚಾಪೆಯ ಮೇಲೆ ಜೋಲಿ ತಪ್ಪಿ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೆ ಮೊದಲೇ ಮಂಡಿನೋವಿನವರು, ಅಂದಿನಿಂದ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಊಟವೂ ಮಂಚದ ಮೇಲೆ. ಮನೆಗೆ ನೀರು ನುಗ್ಗಿದಾಗಲೂ ಧೈರ್ಯಗೆಡದ ಹೆಂಗಸು ನೆಲಕ್ಕೆ ಹೆದರಿ ಕೂತದ್ದು ನೋಡಿ ನನಗೆ ಅಳು ಬಂತು. ಅವರ ತಂಗಿಗೆ ಫೋನ್ ಮಾಡಿದೆ.

ಚಿಕ್ಕತ್ತೆ ಕಟ್ಟಡ ತಪಾಸಣೆಯ ಅಧಿಕಾರಿ. ಬಂದವರೇ ಬಡಗಿಯನ್ನು ಕರೆಸಿದರು.

"ಅವನನ್ನ ಯಾಕೆ ಕರೆಸಿದೆ? ಕಳ್ಳನ ಕೈಗೆ ಬೀಗದಕೈ ಕೊಟ್ಟ ಹಾಗಾಯ್ತು" ಎಂದು ಅತ್ತೆ ಒಳಗಿನಿಂದ ಕೂಗಿದರು.

"ಅಕ್ಕಾ, ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡಬೇಕು. ಕೆಳಗೆ ಸಿಮೆಂಟ್ ಹಸಿ ಇರಬಹುದು, ಪೈಪ್ ಸೋರ್ತಿರಬಹುದು, ತಗ್ಗಿರಬಹುದು. ಬಿಚ್ಚಿ ನೋಡೋಣ."

"ಬಿಚ್ಚೋದೇನೂ ಬೇಡ!" ಎಂದರು ನನ್ನ ಗಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು.

ಬಡಗಿ ಗೋಡೆಯಂಚಿನ ಪಟ್ಟಿ ತೆಗೆದು ಒಂದೊಂದೇ ಹಲಗೆ ಎತ್ತಿದ. ನೀರಿರಲಿಲ್ಲ. ಹಲಗೆಯಡಿ ಹಾಸುವ ಮೆತ್ತನೆಯ ಫೋಮ್ ಹಾಳೆ ಇತ್ತು, ಒಂದರ ಮೇಲೊಂದು ಮೂರು ಪದರ. ಅದರಡಿ ಸಿಮೆಂಟಿನಲ್ಲಿ ತಟ್ಟೆಯಗಲದ ತಗ್ಗು.

"ತಗ್ಗು ಮುಚ್ಚೋಣ, ಫೋಮ್ ಒಂದೇ ಪದರ ಸಾಕು ಅಂದೆ. ಇನ್ನೂ ಹಾಕು, ಬೇಗ ಮುಗಿಸು ಅಂದವರು ನಿಮ್ಮ ಯಜಮಾನ್ರೇ" ಎಂದ ಬಡಗಿ ನನ್ನತ್ತ ತಿರುಗಿ.

"ಅವನಂದ ಅಂತ ನೀನು ಹಾಕಿಬಿಟ್ಟೆ!" ಎಂದು ಚಿಕ್ಕತ್ತೆ ಅವನನ್ನೂ ಬಿಡಲಿಲ್ಲ.

ಗಂಡ ತಲೆ ತಗ್ಗಿಸಿದರು. "ಅಮ್ಮನ ಮಂಡಿಗೆ ಮೆತ್ತಗಿರಲಿ ಅಂತ ಹಾಕಿಸಿದೆ ಚಿಕ್ಕಮ್ಮ. ಅಮ್ಮ ಬಿದ್ದ ಮೇಲೆ ಬಾಯಿ ಬಿಡೋಕೆ ಭಯ ಆಯ್ತು."

"ಮೆತ್ತಗಿರಬೇಕಾದ್ದು ಹಾಸಿಗೆ ಕಣೋ, ನೆಲ ಅಲ್ಲ. ಫೋಮ್ ಹೆಚ್ಚಾದ್ರೆ ಹಲಗೆ ಬಾಗುತ್ತೆ, ಜೋಡಣೆ ಬಿಟ್ಟುಕೊಳ್ಳುತ್ತೆ. ತಗ್ಗು ತುಂಬಿಸಿ ಸಮ ಮಾಡಿಸು. ಪೂರ್ತಿ ಒಣಗಿದ ಮೇಲೆ ಹಲಗೆ ಹಾಕಿಸು."

"ಒಣಗಿದೆ ಅಂತ ಯಾರು ಹೇಳ್ಬೇಕು? ಈ ಇಬ್ಬರಾ?" ಎಂದರು ಅತ್ತೆ ಕೋಣೆಯಿಂದಲೇ.

"ನೀನೇ ಹೇಳು. ಸಿಮೆಂಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಸುತ್ತ ಟೇಪ್ ಅಂಟಿಸ್ತೀನಿ. ಎರಡು ಮೂರು ದಿನ ಬಿಟ್ಟು ತೆಗೆದು ನೋಡು. ಅಡಿಯಲ್ಲಿ ಹನಿ ಕಂಡ್ರೆ ಇನ್ನೂ ಹಸಿ ಅಂತ."

ಬಡಗಿ ತಗ್ಗು ತುಂಬಿಸಿ ಸಮ ಮಾಡಿದ, ಚಿಕ್ಕತ್ತೆ ಹಾಳೆ ಅಂಟಿಸಿದರು. ಯಾರನ್ನೂ ನಂಬದ ಅತ್ತೆ ಆ ಹಾಳೆಯನ್ನು ನಮಗೆ ಬಿಟ್ಟಾರೆಯೇ? ಗೋಡೆ ಹಿಡಿದುಕೊಂಡು ಕೋಣೆಯಿಂದ ಹೊರಗೆ ಬಂದರು! ಮೊದಲ ಸಲ ತೆಗೆದಾಗ ಹನಿ ಕಂಡಿತು. "ನೋಡಿದ್ಯಾ!" ಎಂದು ಬಡಗಿಯನ್ನು ವಾಪಸ್ ಕಳಿಸಿದರು. ಮುಂದಿನ ಸಲ ಹಾಳೆಯಡಿ ಬೆರಳಾಡಿಸಿ, ಆ ಬೆರಳನ್ನು ಮೂಸಿ, ಒಪ್ಪಿಗೆ ಕೊಟ್ಟರು.

ಒಂದೇ ಪದರ ಫೋಮಿನ ಮೇಲೆ ಹಲಗೆ ಕೂತಿತು. ಅತ್ತೆ ಹಿಮ್ಮಡಿಯಿಂದ ಗುದ್ದಿ ನೋಡಿದರು. ಲೋಟಗಳು ಅಲುಗಲಿಲ್ಲ. ಗೋಡೆ ಬಿಟ್ಟು ಅಡುಗೆಮನೆಯವರೆಗೂ ನಡೆದು, "ನಂಗೆ ಇಲ್ಲೇ ಬಡಿಸು" ಎಂದರು. ನನ್ನ ಗಂಡ ಕಣ್ಣೊರೆಸಿಕೊಂಡರು.

ನಿಮ್ಮ ಮನೆಯ ನೆಲ ಕುಸಿಯುತ್ತಿದೆಯೇ? ಚಾಪೆ ಹಾಸಿ ಮುಚ್ಚಬೇಡಿ, ಬಿಚ್ಚಿಸಿ ನೋಡಿ. ಹೊಸದಾಗಿ ಹಾಕಿಸುತ್ತಿದ್ದರೆ ಕೆಳಗಿನ ಸಿಮೆಂಟ್ ಸಮವಾಗಿದೆಯೇ, ಒಣಗಿದೆಯೇ ಎಂದು ನಮ್ಮ ಅತ್ತೆಯ ಹಾಗೆ ಮೊದಲೇ ಅನುಮಾನಪಡಿ. ಮನೆಯ ಹಿರಿಯರು ಬೀಳುವವರೆಗೆ ಕಾಯಬೇಡಿ.